ಹೆಂಡತಿ ಇರುವುದನ್ನು ಮುಚ್ಚಿಟ್ಟು ಮದುವೆಯ ಮಾತು ಕೊಟ್ಟರೆ?

ಪ್ರಶ್ನೆ: ನನಗೆ 27 ವರ್ಷ. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ. ಅಲ್ಲಿನ ಸೂಪರ್‌ವೈಸರ್ ಮದುವೆಯಾಗುತ್ತೇನೆ ಎಂದಿದ್ದನ್ನು ನಂಬಿದೆ. 2024ರ ದಸರಾ ಹೊತ್ತಿನಿಂದ ದೈಹಿಕ ಸಂಬಂಧವಿತ್ತು. ಮಧುಗಿರಿ ಕಡೆ ಅವರಿಗೆ ಹೆಂಡತಿ, ಮಗು ಇರುವುದು ಈಗ ಗೊತ್ತಾಯಿತು. ಕೇಳಿದರೆ, "ನೀನೂ ಒಪ್ಪಿಯೇ ಬಂದೆಯಲ್ಲ, ಕೇಸು ನಿಲ್ಲಲ್ಲ" ಅನ್ನುತ್ತಾರೆ. ಹೌದಾ ಮೇಡಂ?
– ಹೆಸರು ಬೇಡ, ತುಮಕೂರು

ಉತ್ತರ: ಆತ ಹೇಳಿದ್ದಕ್ಕೆ ಹೆದರಬೇಡಿ. ಸುಳ್ಳು ಹೇಳಿ ಪಡೆದ ಒಪ್ಪಿಗೆಯನ್ನು ಗುರಾಣಿ ಮಾಡಿಕೊಳ್ಳಲು ಕಾನೂನು ಬಿಡುವುದಿಲ್ಲ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಇಂಥದ್ದಕ್ಕೇ ಇದೆ. ಮದುವೆಯಾಗುವ ಉದ್ದೇಶವೇ ಇಲ್ಲದೆ ಮಾತು ಕೊಟ್ಟು ದೈಹಿಕ ಸಂಬಂಧ ಬೆಳೆಸಿದರೆ 10 ವರ್ಷದವರೆಗೆ ಜೈಲು, ಜೊತೆಗೆ ದಂಡ. ಕೆಲಸ, ಪ್ರಮೋಷನ್ ಕೊಡಿಸುತ್ತೇನೆಂದು ನಂಬಿಸುವುದೂ ಇದರಡಿಯೇ ಬರುತ್ತದೆ. ಅತ್ಯಾಚಾರದ ಕಲಂ ಬೇರೆ, ಇದು ಬೇರೆ.

ಕೋರ್ಟಿನಲ್ಲಿ ವಾದವೆಲ್ಲ ನಡೆಯುವುದು ಒಂದೇ ವಿಷಯದ ಮೇಲೆ: ಮಾತು ಕೊಟ್ಟಾಗಲೇ ಅದು ಸುಳ್ಳಾಗಿತ್ತೇ? ಮನಸಾರೆ ಮಾತು ಕೊಟ್ಟು, ಆಮೇಲೆ ಮನೆಯವರ ಹಟಕ್ಕೆ ಮದುವೆ ಮುರಿದುಬಿದ್ದರೆ ಎಷ್ಟೇ ನೋವಾದರೂ ಅದು ಅಪರಾಧವಾಗದು. ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ, ಜಾತಿ ಬೇರೆಯಾದ್ದರಿಂದ ಮನೆಯಲ್ಲಿ ಒಪ್ಪುವುದು ಕಷ್ಟವೆಂದು ಯುವತಿಗೂ ಗೊತ್ತಿತ್ತು ಎಂದ ಸುಪ್ರೀಂ ಕೋರ್ಟ್, 2003ರಲ್ಲಿ ಆರೋಪಿಯನ್ನು ಬಿಡುಗಡೆ ಮಾಡಿತು. ಆ ಸುಳ್ಳನ್ನು ನಂಬಿದ್ದರಿಂದಲೇ ಆಕೆ ಒಪ್ಪಿದ್ದಳು ಎಂಬುದೂ ಸಾಬೀತಾಗಬೇಕು ಎಂದು 2019ರ ತೀರ್ಪಿನಲ್ಲಿ ಹೇಳಿತು.

ನಿಮ್ಮ ಕೇಸಿನಲ್ಲಿ ಇದು ಅಷ್ಟು ಕಷ್ಟವಿಲ್ಲ. ಹಿಂದೂ ವಿವಾಹ ಕಾಯ್ದೆಯ ಪ್ರಕಾರ, ವಿಚ್ಛೇದನವಾಗದೆ ಆತ ಇನ್ನೊಂದು ಮದುವೆ ಆಗುವಂತೆಯೇ ಇರಲಿಲ್ಲ. ಅದು ಆತನಿಗೆ ಮೊದಲ ದಿನವೇ ಗೊತ್ತಿತ್ತು. ಆದರೆ ವಿಷಯ ತಿಳಿದ ಮೇಲೂ ಸಂಬಂಧ ಮುಂದುವರಿದಿದ್ದರೆ ಎದುರು ವಕೀಲರು ಅದನ್ನೇ ಹಿಡಿದುಕೊಳ್ಳುತ್ತಾರೆ. ಮುಚ್ಚಿಡಬೇಡಿ, ದೂರಿನಲ್ಲೇ ಇದ್ದದ್ದು ಇದ್ದ ಹಾಗೆ ಬರೆಸಿ.

ವಾಟ್ಸ್ಯಾಪ್‌ನಲ್ಲಿ ಒಂದನ್ನೂ ಅಳಿಸಬೇಡಿ. "ವೈಶಾಖದಲ್ಲಿ ಮದುವೆ ಆಗೋಣ" ಎಂಬಂಥ ಒಂದು ಸಾಲು, ಅದರ ಪಕ್ಕದ ತಾರೀಖು, ಇವೇ ನಿಮ್ಮ ಸಾಕ್ಷಿ. ಸ್ಕ್ರೀನ್‌ಶಾಟ್ ಒಂದನ್ನೇ ನೆಚ್ಚಿಕೊಳ್ಳಬೇಡಿ, ಫೋನನ್ನೇ ಜೋಪಾನ ಮಾಡಿ.

ದೂರನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಬರೆದುಕೊಳ್ಳುವವರು ಮಹಿಳಾ ಅಧಿಕಾರಿಯೇ ಆಗಿರಬೇಕು. ನಿಮ್ಮ ಹೆಸರು ಪತ್ರಿಕೆಯಲ್ಲಿ ಬರುತ್ತದೆಂಬ ಅಂಜಿಕೆ ಬೇಡ, ಪ್ರಕಟಿಸುವುದೇ ಅಪರಾಧ. ತುಮಕೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಒಂದು ಮಾತು: ಆತನ ಹೆಂಡತಿಯನ್ನು ಹುಡುಕಿಕೊಂಡು ನೀವೇ ಮಧುಗಿರಿಗೆ ಹೋಗಬೇಡಿ. ಮದುವೆಯ ದಾಖಲೆ ತರಿಸುವುದು ಪೊಲೀಸರ ಕೆಲಸ.