ಕುಬೋಯಾಮಾ ಸತ್ತದ್ದು ಕಾಮಾಲೆಯಿಂದಲೇ?

ನಮಸ್ಕಾರ.

ಮಲ್ಪೆಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ಕೈಸೇರಿ ಮೂರು ವಾರ ಆಯಿತು. ತಡವಾಗಿದ್ದಕ್ಕೆ ಕಾರಣ ಸೋಮಾರಿತನ ಅಲ್ಲ. ನಿಮಗೆ ಉತ್ತರ ಬರೆಯಲು ಕೂತಾಗ ನಮ್ಮದೇ ತಪ್ಪೊಂದು ಸಿಕ್ಕಿತು. ಅದು ನಿಮ್ಮ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಉಳಿದ ಓದುಗರಿಗಾಗಿ ವಿಷಯ ಇಷ್ಟು. ಆಗಸ್ಟ್ ಸಂಚಿಕೆಯಲ್ಲಿ ಜಪಾನಿನ ಒಂದು ಹಳೇ ಮೀನು ಬೋಟಿನ ಫೋಟೋ ಹಾಕಿದ್ದೆವು. ಅದರ ಕೆಳಗೆ, "1954ರಲ್ಲಿ ಅಪಾಯದ ವಲಯದೊಳಗೆ ಹೋಗಿ ಅಮೆರಿಕದ ಹೈಡ್ರೋಜನ್ ಬಾಂಬಿನ ಬೂದಿಗೆ ಸಿಕ್ಕ ಬೋಟು. ಇದರ ವೈರ್‌ಲೆಸ್ ಆಪರೇಟರ್ ಐಕಿಚಿ ಕುಬೋಯಾಮಾ ವಿಕಿರಣದಿಂದ ತೀರಿಕೊಂಡರು" ಎಂದು ಬರೆದಿದ್ದೆವು. ಮೂವತ್ತು ವರ್ಷ ಬೋಟಿನಲ್ಲಿ ಡ್ರೈವರ್ ಆಗಿ ಎಂಜಿನ್ ಪಕ್ಕದಲ್ಲೇ ಬದುಕಿದ ಈ ಓದುಗರು ಮೂರು ಪ್ರಶ್ನೆ ಕೇಳಿದ್ದಾರೆ. ಒಂದು, ಆ ಮನುಷ್ಯ ಸತ್ತದ್ದು ಆಸ್ಪತ್ರೆಯಲ್ಲಿ ಕೊಟ್ಟ ರಕ್ತದಿಂದ ಬಂದ ಕಾಮಾಲೆಯಿಂದ ಅಂತ ಮೊಮ್ಮಗ ಓದಿ ಹೇಳಿದ, ಹಾಗಾದರೆ ನೀವು ಬರೆದದ್ದು ಸುಳ್ಳಲ್ವಾ? ಎರಡು, ವೈರ್‌ಲೆಸ್ ಇದ್ದೂ ಅವರು ದಡಕ್ಕೆ ಯಾಕೆ ಸುದ್ದಿ ಕೊಡಲಿಲ್ಲ, ಏನೋ ಮುಚ್ಚಿಟ್ಟ ಹಾಗಿದೆಯಲ್ಲ? ಮೂರು, ಆ ಬೋಟು ಈಗಲೂ ಇದೆಯಾ?

ಎರಡನೆಯದರಿಂದಲೇ ಶುರು ಮಾಡುತ್ತೇನೆ. ಬೋಟಿನವರ ಮಾತು ಬೋಟಿನವರಿಗೆ ಬೇಗ ಅರ್ಥವಾಗುತ್ತದೆ.

ಬೋಟಿನ ಹೆಸರು ದಾಯ್ಗೊ ಫುಕುರ್ಯೂ ಮಾರು. ಅಂದರೆ ಐದನೇ ಅದೃಷ್ಟದ ಡ್ರ್ಯಾಗನ್. ಹೆಸರು ನೋಡಿ ನಗುವ ಹಾಗೂ ಇಲ್ಲ, ಅಳುವ ಹಾಗೂ ಇಲ್ಲ. 1947ರಲ್ಲಿ ಕಟ್ಟಿದ ಮರದ ಬೋಟು, ಸುಮಾರು 140 ಟನ್ನಿನದು. ಊರು ಯಾಯಿಜು, ಟೋಕಿಯೋದಿಂದ ನೈಋತ್ಯಕ್ಕಿರುವ ಮೀನುಗಾರರ ಬಂದರು. ಯುದ್ಧದಲ್ಲಿ ಜಪಾನಿನ ನೌಕಾಪಡೆ ಮೀನಿನ ಬೋಟುಗಳನ್ನೂ ಕಾವಲಿಗೆ ಎಳೆದುಕೊಂಡಿತ್ತು. ಹಾಗೆ ಹೋದ ಎಷ್ಟೋ ಬೋಟುಗಳು ಆಳುಗಳ ಸಮೇತ ಮುಳುಗಿದವು. ಸೋತ ಮೇಲೆ ಅಮೆರಿಕದವರು ಸಮುದ್ರದಲ್ಲಿ ಗೆರೆ ಎಳೆದು, ಇದರಾಚೆ ಮೀನು ಹಿಡಿಯಬೇಡಿ ಅಂದರು. ಆ ಗೆರೆ ಹೋದದ್ದು 1952ರಲ್ಲಿ. ಹಸಿದ ದೇಶ, ಒಮ್ಮೆಲೇ ಬಾಗಿಲು ತೆರೆದ ಸಮುದ್ರ. ಬೋಟುಗಳು ದೂರ ದೂರ ಹೊರಟವು. ಹುಡುಕುತ್ತಿದ್ದದ್ದು ಟ್ಯೂನಾ, ನಿಮ್ಮ ಕಡೆಯ ಕೇದರ ಮೀನಿನ ದೊಡ್ಡ ದಾಯಾದಿ.

1954ರ ಜನವರಿ 22ಕ್ಕೆ ಇಪ್ಪತ್ಮೂರು ಜನ ಹೊರಟರು. ಹೆಚ್ಚಿನವರು ಇಪ್ಪತ್ತರ ಆಸುಪಾಸಿನ ಹುಡುಗರು. ಕುಬೋಯಾಮಾಗೆ 39, ಅವರ ನಡುವೆ ಹಿರಿಯರೇ. ಮನೆಯಲ್ಲಿ ಹೆಂಡತಿ, ಮೂವರು ಹೆಣ್ಣುಮಕ್ಕಳು. ಮೊದಲು ಪೆಸಿಫಿಕ್ ಸಾಗರದ ನಡುವಿನ ಮಿಡ್‌ವೇ ದ್ವೀಪದ ಕಡೆ ಹೋದರು. ಅಲ್ಲಿ ಗಾಳದ ಹಗ್ಗ ಬಹಳಷ್ಟು ಕಳೆದುಹೋಯಿತು. ಮೀನೂ ಸರಿಯಾಗಿ ಸಿಗಲಿಲ್ಲ. ಬರಿಗೈಲಿ ದಕ್ಕೆಗೆ ಬರುವುದು ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಉಳಿದ ಹಗ್ಗ ಇಟ್ಟುಕೊಂಡು ದಕ್ಷಿಣಕ್ಕೆ, ಮಾರ್ಷಲ್ ದ್ವೀಪಗಳ ಕಡೆ ತಿರುಗಿದರು.

ಮಾರ್ಚ್ 1ರ ನಸುಕು. ಗಾಳ ಬಿಟ್ಟು ಕಾಯುತ್ತಿದ್ದರು. ಪಶ್ಚಿಮದ ಆಕಾಶ ಇದ್ದಕ್ಕಿದ್ದ ಹಾಗೆ ಹಗಲಾಯಿತು. ಸೂರ್ಯ ಪಶ್ಚಿಮದಲ್ಲಿ ಹುಟ್ಟಿದ ಅಂತ ಅಂದುಕೊಂಡರಂತೆ. ಏಳೆಂಟು ನಿಮಿಷ ಕಳೆದ ಮೇಲೆ ಸದ್ದು ಬಂತು. ಬೆಳಕಿಗೂ ಸದ್ದಿಗೂ ನಡುವಿನ ಆ ಹೊತ್ತನ್ನು ಲೆಕ್ಕ ಹಾಕಿದರೆ ದೂರ ತಿಳಿಯುತ್ತದೆ. ಬಿಕಿನಿ ಹವಳದ್ವೀಪದಿಂದ ಸುಮಾರು 160 ಕಿಲೋಮೀಟರ್. ಅಲ್ಲಿ ಅಮೆರಿಕ ಸಿಡಿಸಿದ ಬಾಂಬಿನ ಗುಟ್ಟಿನ ಹೆಸರು ಬ್ರಾವೋ. ಸುಮಾರು 6 ಮೆಗಾಟನ್ ಆದೀತು ಅಂತ ಅಂದಾಜು ಹಾಕಿದ್ದರು, 15 ಆಯಿತು. ಹಿರೋಷಿಮಾದ ಬಾಂಬಿನ ಸಾವಿರ ಪಟ್ಟು.

ಹೆದರಿದರೂ ಹಗ್ಗ ಬಿಟ್ಟು ಓಡಲಿಲ್ಲ. ಎಳೆದು ಮುಗಿಸಲು ಗಂಟೆಗಟ್ಟಲೆ ಬೇಕಾಯಿತು. ಆ ಹೊತ್ತಿನಲ್ಲೇ ಬಿಳೀ ಪುಡಿ ಬೀಳತೊಡಗಿತು. ಹವಳ ಸುಟ್ಟು ಆದ ಪುಡಿ. ಕೂದಲಲ್ಲಿ, ಕುತ್ತಿಗೆಯಲ್ಲಿ, ಕಿವಿಯಲ್ಲಿ, ಕಣ್ಣಲ್ಲಿ ಕೂತಿತು. ಡೆಕ್ಕಿನ ಮೇಲೆ ಹೆಜ್ಜೆಗುರುತು ಮೂಡುವಷ್ಟು ಬಿತ್ತು. ಒಬ್ಬ ಅದನ್ನು ನಾಲಿಗೆಗೆ ಇಟ್ಟು ನೋಡಿದ. ಸಂಜೆಯಿಂದಲೇ ವಾಂತಿ, ತಲೆನೋವು. ಆಮೇಲೆ ಚರ್ಮ ಸುಟ್ಟ ಹಾಗೆ ಬೊಬ್ಬೆ. ಕೂದಲು ಹಿಡಿದರೆ ಕೈಗೇ ಬರುತ್ತಿತ್ತು.

ಇನ್ನು ವೈರ್‌ಲೆಸ್. ಕುಬೋಯಾಮಾ ಬಾಯಿ ಮುಚ್ಚಿಕೊಂಡದ್ದು ನಿಜ. ಅವರು ಹೇಳಿದ ಕಾರಣ ಸರಳ. ನಾವು ನೋಡಬಾರದ್ದನ್ನು ನೋಡಿದ್ದೇವೆ. ಸುದ್ದಿ ಕಳಿಸಿದರೆ ಅಮೆರಿಕದವರು ಕೇಳಿಸಿಕೊಳ್ಳುತ್ತಾರೆ, ಬಂದು ಹಿಡಿಯುತ್ತಾರೆ, ಬೋಟನ್ನೇ ಮುಳುಗಿಸಿದರೂ ಮುಳುಗಿಸಿದರು. ಯುದ್ಧ ನೋಡಿದ ಸಮುದ್ರದ ಮನುಷ್ಯನಿಗೆ ಇದು ಹುಚ್ಚು ಭಯ ಅಲ್ಲ. ಅನುಮಾನ ಪಡಬೇಕಾದದ್ದು ಇದನ್ನು ಅಂತ ನನಗೆ ಅನಿಸುವುದಿಲ್ಲ.

ಆದರೆ ಅನುಮಾನ ಪಟ್ಟವರಿದ್ದರು. ಅಮೆರಿಕದ ಪರಮಾಣು ಶಕ್ತಿ ಆಯೋಗದ ಅಧ್ಯಕ್ಷ ಲೂಯಿಸ್ ಸ್ಟ್ರಾಸ್, ಇದು ಕಮ್ಯುನಿಸ್ಟರ ಬೇಹುಗಾರಿಕೆ ಬೋಟು ಇರಬೇಕು ಅಂತ ಶ್ವೇತಭವನದಲ್ಲಿ ಹೇಳಿದರು. ಆಗಿನ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ರಿಕಾ ಕಾರ್ಯದರ್ಶಿ ಅದನ್ನು ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮಾರ್ಚ್ 31ರಂದು ಸ್ಟ್ರಾಸ್ ಪತ್ರಕರ್ತರ ಮುಂದೆ ಇನ್ನೆರಡು ಮಾತು ಹೇಳಿದರು. ಬೋಟು ಅಪಾಯದ ವಲಯದ ಒಳಗೇ ಇದ್ದಿರಬೇಕು ಅಂದರು. ಚರ್ಮದ ಗಾಯಗಳು ವಿಕಿರಣದವಲ್ಲ, ಸುಟ್ಟ ಹವಳದ ರಾಸಾಯನಿಕದವು ಅಂದರು. ಎರಡೂ ಸುಳ್ಳು. ಅಮೆರಿಕ ಮೊದಲೇ ಘೋಷಿಸಿದ್ದ ವಲಯದ ಹೊರಗೆ ಬೋಟು ಇತ್ತು. ಸಿಡಿಸಿದ ಮೇಲೆ ಅಮೆರಿಕವೇ ಆ ವಲಯವನ್ನು ಎಷ್ಟೋ ಪಟ್ಟು ಹಿಗ್ಗಿಸಿತು.

ಈಗ ನಮ್ಮ ತಪ್ಪಿಗೆ ಬರುತ್ತೇನೆ. "ಅಪಾಯದ ವಲಯದೊಳಗೆ ಹೋಗಿ" ಅಂತ ಬರೆದೆವಲ್ಲ, ಅದು ಸ್ಟ್ರಾಸ್ ಅವರ ಮಾತು. ಎಪ್ಪತ್ತು ವರ್ಷದ ಹಿಂದೆ ಹೇಳಿದ ಸುಳ್ಳು ಕೈಯಿಂದ ಕೈಗೆ ದಾಟಿ ಬೆಂಗಳೂರಿನ ನಮ್ಮ ಮೇಜಿಗೆ ಬಂದು, ನಾನೇ ನೋಡಿ ಅಚ್ಚಿಗೆ ಕಳಿಸಿದೆ. ನೀವು ಸಾವಿನ ಬಗ್ಗೆ ಕೇಳದಿದ್ದರೆ ಇದು ಗೊತ್ತೇ ಆಗುತ್ತಿರಲಿಲ್ಲ. ಕ್ಷಮಿಸಿ.

ಬೋಟು ಯಾಯಿಜುಗೆ ಮರಳಿದ್ದು ಮಾರ್ಚ್ 14ಕ್ಕೆ. ಮೀನು ಏಲಂ ಆಯಿತು, ಊರೂರಿಗೆ ಹೋಯಿತು. 16ರ ಬೆಳಿಗ್ಗೆ 'ಯೊಮಿಯುರಿ' ಪತ್ರಿಕೆ ಸುದ್ದಿ ಒಡೆಯಿತು. ಟೋಕಿಯೋದ ಟ್ಸುಕಿಜಿ ಮಾರುಕಟ್ಟೆಯಲ್ಲಿ ಈ ಬೋಟಿನ ಮೀನಿಗೆ ವಿಕಿರಣ ಅಳೆಯುವ ಗೈಗರ್ ಯಂತ್ರ ಹಿಡಿದರೆ ಟಕಟಕ ಸದ್ದು. ಅಲ್ಲೇ ಗುಂಡಿ ತೋಡಿ ಹೂತರು. ಆ ವರ್ಷ ಮುಗಿಯುವುದರೊಳಗೆ 856 ಬೋಟುಗಳ ಮೀನಿನಲ್ಲಿ ವಿಕಿರಣ ಸಿಕ್ಕಿತು. 480 ಟನ್ನಿಗೂ ಜಾಸ್ತಿ ಮೀನು ಮಣ್ಣುಪಾಲೋ ಸಮುದ್ರಪಾಲೋ ಆಯಿತು. ಟ್ಯೂನಾ ಕೇಳುವವರಿಲ್ಲ, ದರ ಬಿದ್ದೇಹೋಯಿತು.

ಇಪ್ಪತ್ಮೂರು ಜನರನ್ನೂ ಟೋಕಿಯೋದ ಎರಡು ಆಸ್ಪತ್ರೆಗಳಿಗೆ ಸೇರಿಸಿದರು. ಇಲ್ಲಿಂದ ನಿಮ್ಮ ಮೊದಲ ಪ್ರಶ್ನೆ.

ನಿಮ್ಮ ಮೊಮ್ಮಗ ಓದಿದ್ದರಲ್ಲಿ ಹುರುಳಿದೆ. ವಿಕಿರಣ ಮೂಳೆಯೊಳಗಿನ ಮಜ್ಜೆಯನ್ನು ಕೊಲ್ಲುತ್ತದೆ. ಮಜ್ಜೆ ಸತ್ತರೆ ರಕ್ತ ಹುಟ್ಟುವುದಿಲ್ಲ. ಬಿಳಿ ಕಣಗಳು ಕುಸಿಯುತ್ತವೆ, ಸಣ್ಣ ಸೋಂಕೂ ಜೀವ ತೆಗೆಯಬಹುದು. ಆಗ ವೈದ್ಯರಿಗೆ ಇದ್ದ ಮುಖ್ಯ ದಾರಿ ಹೊರಗಿನ ರಕ್ತ ಕೊಡುವುದು. ಕೊಟ್ಟರು, ಮತ್ತೆ ಮತ್ತೆ ಕೊಟ್ಟರು. ಆದರೆ ಯುದ್ಧದ ನಂತರದ ಜಪಾನಿನಲ್ಲಿ ಎಷ್ಟೋ ಬಡವರು ಹೊಟ್ಟೆಪಾಡಿಗೆ ರಕ್ತ ಮಾರುತ್ತಿದ್ದರು. ಅದರಲ್ಲಿ ಲಿವರ್ ಕೆಡಿಸುವ ವೈರಸ್ ಇದೆಯೇ ಅಂತ ನೋಡುವ ಪರೀಕ್ಷೆ ಆಗ ಲೋಕದಲ್ಲೆಲ್ಲೂ ಇರಲಿಲ್ಲ. ಹೆಪಟೈಟಿಸ್ ಬಿ ವೈರಸ್ ಗೊತ್ತಾದದ್ದು 1960ರ ದಶಕದಲ್ಲಿ, ಸಿ ಗೊತ್ತಾದದ್ದು 1989ರಲ್ಲಿ. ಬದುಕುಳಿದವರ ರಕ್ತವನ್ನು ಆಮೇಲೆ ನೋಡಿದರೆ ಹಲವರಲ್ಲಿ ಹೆಪಟೈಟಿಸ್ ಸಿ ಸಿಕ್ಕಿತು. ಲಿವರ್ ಕ್ಯಾನ್ಸರಿನಿಂದ ಸತ್ತವರೂ ಇದ್ದಾರೆ.

ಕುಬೋಯಾಮಾಗೆ ಕಾಮಾಲೆ ಬಂತು. ಆಗಸ್ಟ್ ಕೊನೆಗೆ ಪ್ರಜ್ಞೆ ತಪ್ಪಿತು, ಒಮ್ಮೆ ಚೇತರಿಸಿದರು, ಮತ್ತೆ ಕುಸಿದರು. ಸೆಪ್ಟೆಂಬರ್ 23ರ ಸಂಜೆ ತೀರಿಕೊಂಡರು. ಆಗ ವಯಸ್ಸು 40. ಶವಪರೀಕ್ಷೆ ಮಾಡಿದ ಜಪಾನಿ ವೈದ್ಯರು ಮೂಲ ಕಾರಣ ವಿಕಿರಣ ಅಂದರು. ಅಮೆರಿಕದ ಅಧಿಕಾರಿಗಳು, ಅಲ್ಲ, ನಿಮ್ಮ ಆಸ್ಪತ್ರೆಯ ರಕ್ತವೇ ಕಾರಣ ಅಂದರು.

ಲಿವರ್ ಕೆಟ್ಟು ಸತ್ತರು ಎಂಬುದರಲ್ಲಿ ಇಬ್ಬರಿಗೂ ಜಗಳ ಇಲ್ಲ. ಜಗಳ ಇದ್ದದ್ದು ಬಿಲ್ಲು ಯಾರ ಹೆಸರಿಗೆ ಬರೆಯಬೇಕು ಎಂಬುದರಲ್ಲಿ. ನನ್ನ ಅಭಿಪ್ರಾಯ ಕೇಳಿದರೆ, ಒಬ್ಬನನ್ನು ಬಾವಿಗೆ ತಳ್ಳಿ, ಎತ್ತುವಾಗ ಹಗ್ಗ ಹರಿದು ಸತ್ತ ಅಂತ ಹಗ್ಗದವನ ಮೇಲೆ ಕೇಸು ಹಾಕಿದ ಹಾಗಿದೆ ಅಮೆರಿಕದವರ ವಾದ. ಹಗ್ಗ ಹಳೆಯದಿದ್ದದ್ದು ನಿಜ. ಆದರೆ ಆ ರಕ್ತ ಕುಬೋಯಾಮಾಗೆ ಬೇಕಾದದ್ದಾದರೂ ಯಾಕೆ?

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡುತ್ತದೆ. ಬೂದಿಯಲ್ಲಿ ಏನೇನಿದೆ ಅಂತ ಜಪಾನಿ ವೈದ್ಯರು ಕೇಳಿದರು. ಗೊತ್ತಾದರೆ ಚಿಕಿತ್ಸೆಗೆ ದಾರಿಯಾಗುತ್ತಿತ್ತು. ಅಮೆರಿಕ ಹೇಳಲಿಲ್ಲ, ಬಾಂಬಿನ ಗುಟ್ಟು ಹೊರಬೀಳುತ್ತದಲ್ಲ. ಬದಲಿಗೆ ರೋಗಿಗಳನ್ನು ನಮ್ಮ ತಜ್ಞರು ಪರೀಕ್ಷಿಸಲಿ ಅಂದಿತು. ಹಿರೋಷಿಮಾದಲ್ಲಿ ಅಮೆರಿಕದವರ ಆಯೋಗವೊಂದು ವರ್ಷಗಟ್ಟಲೆ ಗಾಯಾಳುಗಳನ್ನು ಪರೀಕ್ಷಿಸಿತ್ತು, ಆದರೆ ಮದ್ದು ಕೊಟ್ಟಿರಲಿಲ್ಲ. ಅದನ್ನು ಕಂಡಿದ್ದ ಜಪಾನಿಗಳಿಗೆ ಈ ಮಾತು ಹೇಗೆ ಕೇಳಿಸಿರಬೇಡ? ಕೊನೆಗೆ ಟೋಕಿಯೋ ವಿಶ್ವವಿದ್ಯಾಲಯದ ರಸಾಯನ ವಿಜ್ಞಾನಿಗಳು ಬೋಟಿನಿಂದ ಕೆರೆದ ಬೂದಿಯನ್ನು ತಾವೇ ಬಿಡಿಸಿ ನೋಡಿದರು. ಅದರಲ್ಲಿ ಯುರೇನಿಯಂ-237 ಸಿಕ್ಕಿತು, ಬಾಂಬಿನೊಳಗೆ ಮಾಮೂಲಿ ಯುರೇನಿಯಂ ಕೂಡ ಒಡೆದಿದೆ ಎಂಬುದರ ಸುಳಿವು ಅದು. ಒಸಾಕಾದ ನಿಷಿವಾಕಿ ಎಂಬ ವಿಜ್ಞಾನಿಯಿಂದ ವಿವರ ಕೇಳಿದ ಬ್ರಿಟನ್ನಿನ ಭೌತವಿಜ್ಞಾನಿ ಜೋಸೆಫ್ ರೋಟ್‌ಬ್ಲಾಟ್, ಈ ಬಾಂಬು ಹೇಳಿದ್ದಕ್ಕಿಂತ ಎಷ್ಟು ಹೊಲಸು ಅಂತ ಲೆಕ್ಕ ಹಾಕಿ ತೋರಿಸಿದರು. 1995ರ ನೊಬೆಲ್ ಶಾಂತಿ ಪ್ರಶಸ್ತಿಯ ರೋಟ್‌ಬ್ಲಾಟ್ ಇವರೇ. ಗೊತ್ತಿದ್ದೂ ಹೇಳದವರು, ಆಮೇಲೆ ಕಾರಣ ಸ್ಪಷ್ಟವಿಲ್ಲ ಎಂದು ಜಾರಿಕೊಂಡರೆ ನಾನು ಒಪ್ಪುವುದಿಲ್ಲ.

1955ರ ಜನವರಿಯಲ್ಲಿ ಅಮೆರಿಕ 20 ಲಕ್ಷ ಡಾಲರ್ ಕೊಟ್ಟಿತು. ಕಾನೂನಿನ ಹೊಣೆ ನಮ್ಮದಲ್ಲ, ಅನುಕಂಪಕ್ಕೆ ಕೊಡುತ್ತಿದ್ದೇವೆ ಎಂಬ ಷರತ್ತಿನ ಮೇಲೆ. ಜಪಾನ್ ಸರ್ಕಾರ ಅಷ್ಟಕ್ಕೇ ಕೈತೊಳೆದುಕೊಂಡಿತು. ಹೆಚ್ಚಿನ ಹಣ ಮೀನು ವ್ಯಾಪಾರದ ನಷ್ಟಕ್ಕೆ ಹೋಯಿತು. ಬದುಕುಳಿದವರಿಗೆ ತಲೆಗೆ ಸುಮಾರು 20 ಲಕ್ಷ ಯೆನ್ ಸಿಕ್ಕಿತು. ಊರಿನವರ ಕಣ್ಣು ಕೆಂಪಾದದ್ದು ಆಗಲೇ. ನಮ್ಮ ಮೀನಿನ ದರವೂ ಬಿತ್ತು, ನಮಗೇನು ಸಿಕ್ಕಿತು, ಇವರಿಗೆ ಮಾತ್ರ ಲಾಟರಿ! ಅದರ ಜೊತೆಗೆ ಇವರಿಗೆ ಹೆಣ್ಣು ಕೊಡಬಹುದಾ ಎಂಬ ಪಿಸುಮಾತು ಬೇರೆ. ಹಲವರು ಊರು ಬಿಟ್ಟರು. ಅವರಲ್ಲಿ ಮತಾಶಿಚಿ ಓಯಿಶಿ ಎಂಬ ಹುಡುಗ ಟೋಕಿಯೋದ ಗುಂಪಿನಲ್ಲಿ ಕರಗಿಹೋಗಿ ಲಾಂಡ್ರಿ ಅಂಗಡಿ ಇಟ್ಟ. ಮೊದಲ ಮಗು ಹುಟ್ಟುವಾಗಲೇ ಸತ್ತಿತ್ತು. ದಶಕಗಳ ಕಾಲ ಯಾರಿಗೂ ಏನೂ ಹೇಳಲಿಲ್ಲ. ಆಮೇಲೆ ಶಾಲಾಮಕ್ಕಳ ಮುಂದೆ ಬಾಯಿಬಿಟ್ಟವರು 2021ರಲ್ಲಿ ತೀರಿಕೊಳ್ಳುವವರೆಗೂ ನಿಲ್ಲಿಸಲಿಲ್ಲ.

ಬೂದಿ ಬಿದ್ದದ್ದು ಈ ಬೋಟಿನವರ ಮೇಲೆ ಮಾತ್ರ ಅಲ್ಲ. ಮಾರ್ಷಲ್ ದ್ವೀಪಗಳಲ್ಲೇ ಇರುವ ರೊಂಗೆಲಾಪ್‌ನ ಜನರನ್ನು ಎರಡು ದಿನ ಕಳೆದ ಮೇಲೆ ಎತ್ತಿಕೊಂಡು ಹೋದರು. ಅದು ಇನ್ನೊಂದು ದೊಡ್ಡ ಕತೆ, ಬೇರೆಯಾಗಿಯೇ ಬರೆಯಬೇಕು. ನಮ್ಮ ದೇಶದ ಕೊಂಡಿಯೂ ಒಂದಿದೆ. 1954ರ ಏಪ್ರಿಲ್ 2ರಂದು ನೆಹರೂ ಲೋಕಸಭೆಯಲ್ಲಿ ಎದ್ದು ನಿಂತು, ಈ ಬಾಂಬು ಪರೀಕ್ಷೆಗಳನ್ನು ಇದ್ದಲ್ಲಿಗೇ ನಿಲ್ಲಿಸಿ ಅಂದರು. ಟೋಕಿಯೋದ ಸುಗಿನಾಮಿ ಬಡಾವಣೆಯ ಗೃಹಿಣಿಯರು ಮನೆಮನೆಗೆ ಹೋಗಿ ಈ ಬಾಂಬುಗಳ ವಿರುದ್ಧ ಶುರುಮಾಡಿದ ಸಹಿ ಸಂಗ್ರಹ ಮರುವರ್ಷದ ಆಗಸ್ಟ್ ಹೊತ್ತಿಗೆ ಮೂರು ಕೋಟಿ ದಾಟಿತ್ತು.

ಹಾಗಾಗಿ ಆ ಫೋಟೋದ ಕೆಳಗಿನ ಸಾಲನ್ನು ದಯವಿಟ್ಟು ಹೀಗೆ ಓದಿಕೊಳ್ಳಿ: "ಅಪಾಯದ ವಲಯದ ಹೊರಗಿದ್ದೂ ಬೂದಿಗೆ ಸಿಕ್ಕ ಬೋಟು. ಇದರ ವೈರ್‌ಲೆಸ್ ಆಪರೇಟರ್ ಐಕಿಚಿ ಕುಬೋಯಾಮಾ ವಿಕಿರಣದ ಚಿಕಿತ್ಸೆಯಲ್ಲಿದ್ದಾಗ ಲಿವರ್ ಕೆಟ್ಟು ತೀರಿಕೊಂಡರು." ಉದ್ದವಾಯಿತು, ಇರಲಿ.

ಕೊನೆಗೆ ಬೋಟು. ಇದೆ. ಸರ್ಕಾರ ಕೊಂಡು, ವಿಕಿರಣ ತೊಳೆದು, ಹೆಸರು ಬದಲಿಸಿ ಮೀನುಗಾರಿಕೆ ಕಲಿಯುವ ಹುಡುಗರಿಗೆ ಕೊಟ್ಟಿತ್ತು. 1967ರಲ್ಲಿ ಗುಜರಿಗೆ ಹಾಕಿದರು. ಎಂಜಿನ್ ಕಿತ್ತು ಮಾರಿ, ಉಳಿದ ಮೈಯನ್ನು ಟೋಕಿಯೋದ ಕಸ ಸುರಿಯುತ್ತಿದ್ದ ಯುಮೆನೋಶಿಮಾದಲ್ಲಿ ಕೊಳೆಯಲು ಬಿಟ್ಟರು. 1968ರ ಮಾರ್ಚ್‌ನಲ್ಲಿ 26 ವರ್ಷದ ಒಬ್ಬ ನೌಕರ 'ಅಸಾಹಿ' ಪತ್ರಿಕೆಯ ಓದುಗರ ಅಂಕಣಕ್ಕೆ, ಇದನ್ನು ಮುಳುಗಲು ಬಿಡಬಹುದೇ ಅಂತ ಒಂದು ಪತ್ರ ಬರೆದ. ಅದರಿಂದ ಎದ್ದ ಗಲಾಟೆಯಲ್ಲಿ ಬೋಟು ಉಳಿಯಿತು. 1976ರಲ್ಲಿ ಅಲ್ಲೇ ಅದಕ್ಕೊಂದು ಮನೆ ಕಟ್ಟಿದರು.

ನೀವು ಡ್ರೈವರ್ ಆಗಿದ್ದವರು, ಎಂಜಿನ್ ಏನಾಯಿತು ಅಂತ ಕೇಳೇ ಕೇಳುತ್ತೀರಿ. 250 ಅಶ್ವಶಕ್ತಿಯ ಡೀಸೆಲ್ ಎಂಜಿನ್. ಕೊಂಡವರು ಅದನ್ನು ಸರಕಿನ ಹಡಗಿಗೆ ಕೂರಿಸಿದ್ದರು. ಆ ಹಡಗು 1968ರಲ್ಲಿ ಮುಳುಗಿತು. 28 ವರ್ಷ ಉಪ್ಪುನೀರಿನಲ್ಲಿ ಬಿದ್ದಿದ್ದ ಎಂಜಿನನ್ನು 1996ರಲ್ಲಿ ಮೇಲೆತ್ತಿದರು. ಈಗ ಬೋಟು ಕಟ್ಟಡದ ಒಳಗಿದೆ, ತುಕ್ಕು ಹಿಡಿದ ಎಂಜಿನ್ ಹೊರಗಡೆ ಅಂಗಳದಲ್ಲಿದೆ.

ಸಂಪಾದಕ