ಅವರ ಮೇಜಿನ ಮುಂದೆ ನಾನು ಕೂರಬಹುದಾ?

ಪ್ರಶ್ನೆ: ನನಗೆ 54 ವರ್ಷ. ಡೊಂಬಿವಲಿಯಲ್ಲಿದ್ದೇನೆ. ನಮ್ಮ ಯಜಮಾನರು ಹೋದ ನವೆಂಬರ್‌ನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರು ಕುಂದಾಪುರದ ಕಡೆಯವರು. 13ನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಮಾಟುಂಗಾದ ಹೋಟೆಲಿನಲ್ಲಿ ದುಡಿದು, ಸಂಜೆ ಕನ್ನಡ ರಾತ್ರಿ ಶಾಲೆಯಲ್ಲಿ ಓದಿದವರು. ಆಮೇಲೆ ಫೋರ್ಟ್‌ನಲ್ಲಿ ಆಫೀಸು ಕೆಲಸ ಸಿಕ್ಕಿತು. ಹೋಟೆಲಿನ ಬೆಂಚಿನ ಮೇಲೆ ಮಲಗಿ ಬೆಳೆದವರಿಗೆ ಸ್ವಂತದ್ದೊಂದು ಮೇಜು ಬೇಕು ಅನ್ನೋದು ದೊಡ್ಡ ಆಸೆ. ಉಲ್ಲಾಸನಗರದಿಂದ ಮೇಜು, ಕುರ್ಚಿ ತಂದು ಹಾಲಿನ ಕಿಟಕಿಯ ಹತ್ತಿರ ಹಾಕಿಕೊಂಡಿದ್ದರು. ಪಕ್ಕದ ಕಪಾಟಿನಲ್ಲಿ ಸುಮಾರು 300 ಕನ್ನಡ ಪುಸ್ತಕ. ಎಲ್ಲವೂ ಹಾಗೇ ಇದೆ.

ನಾನು ಒಂದು ಆಫೀಸಿನ ಲೆಕ್ಕ ಬರೆಯುತ್ತೇನೆ, ವಾರದಲ್ಲಿ 4 ದಿನ ಮನೆಯಿಂದಲೇ. ಮಂಚದ ಮೇಲೆ ಕೂತು ಲ್ಯಾಪ್‌ಟಾಪ್ ಒತ್ತಿ ಒತ್ತಿ ಸೊಂಟ ಹಿಡಿದಿದೆ. ಒಂದು ದಿನ ಧೈರ್ಯ ಮಾಡಿ ಅವರ ಕುರ್ಚಿಯಲ್ಲಿ ಕೂತೆ. ಕಾಲು ನೆಲಕ್ಕೆ ಎಟುಕಲಿಲ್ಲ. ಎತ್ತರ ಇಳಿಸೋಣ ಅಂತ ಹಿಡಿಕೆಗೆ ಕೈ ಹಾಕಿದವಳು ಅಳು ಬಂದು ಎದ್ದುಬಿಟ್ಟೆ.

ರಾತ್ರಿ ನಿದ್ದೆ ಬರದಿದ್ದಾಗ ಅವರ ಪುಸ್ತಕ ಓದುತ್ತೇನೆ. ಒಳಗೆ ಹಳೆಯ ರೈಲ್ವೆ ಪಾಸುಗಳು ಸಿಗುತ್ತವೆ, ಒಂದರಲ್ಲಿ ನಿಲ್ದಾಣದ ಹೆಸರು ಇನ್ನೂ ವಿ.ಟಿ. (ವಿಕ್ಟೋರಿಯಾ ಟರ್ಮಿನಸ್) ಅಂತಿದೆ. ಓದುವಾಗ ಹಿತ ಅನಿಸುತ್ತದೆ. ಆದರೆ ಅವರಿದ್ದಾಗ 'ಇದೊಂದು ಓದಿ ನೋಡು ಮಾರಾಯ್ತಿ' ಅಂತ ಎಷ್ಟು ಸಲ ಹೇಳಿದ್ದರು! ಒಂದೂ ಓದಲಿಲ್ಲ. ಈಗ ಓದಿ ಏನು ಬಂತು? 'ಅಮ್ಮ, ಪುಸ್ತಕದೊಳಗೆ ಅಡಗಿ ಕೂತಿದ್ದೀಯ' ಅನ್ನುತ್ತಾಳೆ ಮಗಳು. ವರ್ಷಾಂತಿಕದ ತನಕ ಅವನ ಸಾಮಾನು ಮುಟ್ಟಬೇಡ ಅನ್ನುತ್ತಾರೆ ಅತ್ತೆ. ಮೈದುನ ರದ್ದಿಗೆ ಹಾಕು ಅನ್ನುತ್ತಾನೆ. ಈಗ ಮಳೆ ಶುರುವಾಗಿ ಕಪಾಟಿನ ಹಿಂದಿನ ಗೋಡೆ ಒದ್ದೆಯಾಗಿದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತಿದೆ. ನಾನೇನು ಮಾಡಲಿ?

ಉತ್ತರ: ತಂಗೀ, ಕೂರಬಹುದು. ಈ ವಾರವೇ ಕೂರಿ.

ಮೊದಲು ಆ ಕುರ್ಚಿಯ ಮಾತು. ಹಿಡಿಕೆ ಮುಟ್ಟಲೇಬೇಡಿ. ಕುರ್ಚಿಯ ಎತ್ತರ ಆ ಮೇಜಿಗೆ ಸರಿಯಾಗಿದೆ. ಕುರ್ಚಿ ಇಳಿಸಿದರೆ ಮೇಜು ನಿಮಗೆ ಎತ್ತರವಾಗುತ್ತದೆ. ಭುಜ ಎತ್ತಿಕೊಂಡು ಟೈಪ್ ಮಾಡಬೇಕಾಗುತ್ತದೆ, ಸೊಂಟದ ನೋವು ಹೋಗಿ ಕುತ್ತಿಗೆ ನೋವು ಬರುತ್ತದೆ. ಮನೆಯಲ್ಲಿ ಊಟದ ಮಣೆ ಇದೆಯಲ್ವಾ? ಅದನ್ನು ಕಾಲ ಕೆಳಗೆ ಇಟ್ಟುಕೊಳ್ಳಿ. ಪಾದ ಪೂರ್ತಿ ಊರಬೇಕು, ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಬೆನ್ನಿಗೆ ಆಸರೆ ಸಿಗಬೇಕು. ಅಷ್ಟಾದರೆ ಸಾಕು. ಕುರ್ಚಿ ಅವರ ಎತ್ತರದಲ್ಲೇ ಇರುತ್ತದೆ, ನಿಮ್ಮ ಕಾಲೂ ನೆಲೆ ಕಾಣುತ್ತದೆ.

ಮೇಜಿನ ಮೇಲ್ಭಾಗ ನಿಮ್ಮ ಕೆಲಸಕ್ಕೆ ಇರಲಿ. ಒಂದು ಡ್ರಾಯರ್ ಮಾತ್ರ ಅವರದ್ದಾಗಿಯೇ ಉಳಿಯಲಿ. ಕನ್ನಡಕ, ಪೆನ್ನು, ಅರ್ಧ ಬರೆದ ಚೀಟಿ, ಕಿಸೆಯಲ್ಲಿ ಸಿಕ್ಕಿದ ಚಿಲ್ಲರೆ, ಎಲ್ಲ ಅದರಲ್ಲಿರಲಿ. ಅದನ್ನು ಜೋಡಿಸಬೇಕು, ಚೊಕ್ಕ ಮಾಡಬೇಕು ಅಂತಿಲ್ಲ.

ಕೈಬರಹವಂತೂ ಒಂದು ತುಂಡು ಕಾಗದ ಕೂಡ ಬಿಸಾಡಬೇಡಿ. ಇದನ್ನು ನನ್ನ ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಅಣ್ಣ ಹೋದಾಗ ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನವೇ ಅವನ ಕೋಣೆ ಖಾಲಿ ಮಾಡಿದೆವು. ಅತ್ತಿಗೆಯ ಕಣ್ಣಿಗೆ ಬೀಳದಿರಲಿ ಅಂತ ಎಲ್ಲರೂ ಸೇರಿ ಗಡಿಬಿಡಿ ಮಾಡಿದ್ದು. ನಾನೇ ಎದುರು ನಿಂತು ರದ್ದಿಯವನಿಗೆ ಕಟ್ಟು ಕಟ್ಟಿ ಕೊಟ್ಟೆ. ಎರಡು ವರ್ಷದ ಮೇಲೆ ಒಂದು ದಿನ ಅವನ ಅಕ್ಷರ ನೋಡಬೇಕು ಅನಿಸಿತು. ಮನೆಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಕೊನೆಗೆ ಗ್ಯಾಸಿನ ಪುಸ್ತಕದಲ್ಲಿ ಅವನ ಸಹಿ ಸಿಕ್ಕಿತು. ಅದನ್ನು ಈಗಲೂ ಎತ್ತಿಟ್ಟಿದ್ದೇನೆ. ಅದಕ್ಕೇ ನಿಮ್ಮ ಮೈದುನನಿಗೆ 'ಈಗ ಬೇಡ' ಅಂತಷ್ಟೇ ಹೇಳಿ. ಕಾರಣ ಕೊಡಬೇಕಾಗಿಲ್ಲ. ಅವನೂ ಅಣ್ಣನನ್ನು ಕಳೆದುಕೊಂಡವನು, ಆ ಕಪಾಟು ನೋಡಲು ಅವನಿಗೂ ಕಷ್ಟ ಆಗುತ್ತಿರಬಹುದು. ಒಂದು ಪುಸ್ತಕ ಆರಿಸಿಕೊಂಡು ಹೋಗು ಅಂತ ಕರೆಯಿರಿ.

ಅತ್ತೆಯ ಮಾತನ್ನು ಶಾಸ್ತ್ರದ ಜಗಳ ಮಾಡಿಕೊಳ್ಳಬೇಡಿ. ಹದಿಮೂರು ವರ್ಷದ ಹುಡುಗನನ್ನು ಮುಂಬಯಿಗೆ ಕಳಿಸಿಕೊಟ್ಟ ತಾಯಿ ಅವರು. ಆ ಮೇಜು ಅವರಿಗೆ ಏನು ಅಂತ ನೀವೇ ಯೋಚಿಸಿ. ಮೇಜು ಇದ್ದ ಜಾಗದಲ್ಲೇ ನವೆಂಬರ್ ತನಕ ಇರಲಿ, ಅದರಲ್ಲಿ ಅವರ ಮಾತು ನಡೆಯಲಿ. ಕಿಟಕಿಯ ಬೆಳಕು ಎದುರಿನಿಂದ ಕಣ್ಣಿಗೆ ಹೊಡೆದರೆ ಸದ್ಯಕ್ಕೆ ತೆಳು ಪರದೆ ಹಾಕಿಕೊಳ್ಳಿ. ವರ್ಷಾಂತಿಕ ಮುಗಿದ ಮೇಲೆ ಬೆಳಕು ಪಕ್ಕದಿಂದ ಬರುವ ಹಾಗೆ ಮೇಜು ತಿರುಗಿಸಿದರಾಯಿತು. ಆದರೆ ಕಪಾಟು ಕಾಯಲಾರದು. ಇಲ್ಲಿಯ ಮಳೆ ಸೆಪ್ಟೆಂಬರ್ ತನಕ ಬಿಡುವುದಿಲ್ಲ. 'ಅತ್ತೆ, ಹೀಗೇ ಬಿಟ್ಟರೆ ಅವರ ಪುಸ್ತಕ ಉಳಿಯುವುದಿಲ್ಲ' ಅಂತ ಒದ್ದೆ ಗೋಡೆಯನ್ನು ಅವರಿಗೇ ಮುಟ್ಟಿಸಿ ತೋರಿಸಿ. ಎಲ್ಲಿಗೆ ಸರಿಸೋಣ ಅಂತ ಅವರನ್ನೇ ಕೇಳಿ.

ಕಪಾಟು ಒಳಗಿನ ಒಣ ಗೋಡೆಗೆ ಹೋಗಲಿ, ಗೋಡೆಗೂ ಕಪಾಟಿಗೂ ನಡುವೆ ನಾಲ್ಕು ಬೆರಳು ಜಾಗ ಬಿಡಿ. ಬೂಷ್ಟು ಹಿಡಿದ ಪುಸ್ತಕಗಳನ್ನು ಬೇರೆ ಮಾಡಿ. ಮೂಗಿಗೆ ಮಾಸ್ಕ್ ಹಾಕಿಕೊಂಡು, ಬಾಲ್ಕನಿಯಲ್ಲಿ ನಿಂತು, ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಒದ್ದೆ ಬಟ್ಟೆ ಬೇಡ. ಹಾಳೆ ಒದ್ದೆಯಾಗಿದ್ದರೆ ಪುಸ್ತಕವನ್ನು ಅರ್ಧ ತೆರೆದು ಫ್ಯಾನಿನ ಕೆಳಗೆ ನಿಲ್ಲಿಸಿ, ನಡುನಡುವೆ ಬಿಳಿ ಕಾಗದ ಇಡಿ. ಸುಡುಬಿಸಿಲಿಗೆ ಹಾಕಿದರೆ ರಟ್ಟು ಸೊಟ್ಟಗಾಗುತ್ತದೆ. ತುಂಬಾ ಜನ ಮಾಡುವ ತಪ್ಪು ಅಂದರೆ ಪ್ಲಾಸ್ಟಿಕ್ ಚೀಲದಲ್ಲಿ ಗಟ್ಟಿಯಾಗಿ ಕಟ್ಟಿ ಮಂಚದ ಕೆಳಗೆ ತಳ್ಳುವುದು. ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಜಾಸ್ತಿ ಆಗುತ್ತದೆ. ಕಪಾಟಿನಲ್ಲೂ ಇಕ್ಕಟ್ಟಾಗಿ ತುರುಕಬೇಡಿ, ಬೆರಳು ಹೋಗುವಷ್ಟು ಸಡಿಲ ಇರಲಿ. ಕಹಿಬೇವಿನ ಎಲೆ ಇಡುವುದಾದರೆ ಚೆನ್ನಾಗಿ ಒಣಗಿರಬೇಕು.

300 ಪುಸ್ತಕವನ್ನು ಒಂದೇ ದಿನ ಎತ್ತಲು ಹೋಗಬೇಡಿ. ದಿನಕ್ಕೆ ಒಂದು ಅಡ್ಡಸಾಲು ಸಾಕು. ಇದು ಮೈಗಿಂತ ಮನಸ್ಸಿಗೆ ಆಯಾಸದ ಕೆಲಸ. ಮಗಳು ಜೊತೆಗಿರಲಿ. ಪಾಸು ಸಿಕ್ಕಿದರೆ ಇದ್ದ ಪುಟದಲ್ಲೇ ಬಿಡಿ. ವಿ.ಟಿ. ಹೆಸರು ಬದಲಾದದ್ದು 1996ರಲ್ಲಿ. ಅಂದರೆ ಆ ಪುಸ್ತಕ ಅವರು ಸುಮಾರು ಮೂವತ್ತು ವರ್ಷದ ಹಿಂದೆ, ಪ್ರಾಯದಲ್ಲಿ, ಬಹುಶಃ ಲೋಕಲಿನ ನೂಕುನುಗ್ಗಲಿನಲ್ಲಿ ನಿಂತೇ ಓದಿದ್ದು. ಆಗ ನಿಮ್ಮ ಮದುವೆಯೂ ಹೊಸತಿರಬೇಕು. ಅವರು ಎಲ್ಲಿ ನಿಲ್ಲಿಸಿದ್ದರು ಅಂತ ಇನ್ನೆಲ್ಲೂ ಬರೆದಿಲ್ಲ.

ಈಗ ಮಗಳ ಮಾತು. ಅವಳ ಭಯ ಸುಳ್ಳಲ್ಲ, ಆದರೆ ನಿಮ್ಮ ವಿಷಯದಲ್ಲಿ ಸರಿಯೂ ಅಲ್ಲ ಅಂತ ನನಗನಿಸುತ್ತದೆ. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಾವಿನ ನಂತರ ಮನಸ್ಸು ಎರಡು ಕಡೆ ಓಡಾಡುತ್ತಿರುತ್ತದೆ. ಒಮ್ಮೆ ಹೋದವರ ನೆನಪಿನ ಕಡೆ, ಒಮ್ಮೆ ಉಳಿದ ಬದುಕಿನ ಕಡೆ. ಆ ಓಡಾಟವೇ ಆರೋಗ್ಯದ ಲಕ್ಷಣ, ನಡುನಡುವೆ ದುಃಖದಿಂದ ಬಿಡುವು ತೆಗೆದುಕೊಳ್ಳುವುದೂ ಬೇಕು ಅನ್ನುತ್ತಾರೆ ಅವರು. ನೀವು ಹಗಲು ಲೆಕ್ಕ ಬರೆಯುತ್ತೀರಿ, ರಾತ್ರಿ ಓದುತ್ತೀರಿ. ಓದುವಾಗ ಕೆಲವು ಪುಟ ಕಥೆಯಲ್ಲಿ ಮರೆಯುತ್ತೀರಿ, ಮುಂದಿನ ಪುಟದಲ್ಲಿ ಒಂದು ಪಾಸು ಸಿಕ್ಕಿ ಅವರು ಎದುರಿಗೆ ಬರುತ್ತಾರೆ. ಇದನ್ನು ಅಡಗಿ ಕೂರುವುದು ಅನ್ನಲಾರೆ.

ಒಂದು ವಿಷಯ ಮಾತ್ರ ಗಮನದಲ್ಲಿರಲಿ. ಊಟ ಸೇರದೆ, ಸರಿಯಾಗಿ ನಿದ್ದೆ ಇಲ್ಲದೆ ವಾರಗಟ್ಟಲೆ ಕಳೆದರೆ, ಕೆಲಸ ಪೂರ್ತಿ ನಿಂತರೆ, ಬದುಕೇ ಸಾಕು ಅನಿಸಿದರೆ ಪುಸ್ತಕವನ್ನು ನಂಬಿ ಕೂರಬೇಡಿ. ಡಾಕ್ಟರರನ್ನು ಕಾಣಿ. 14416ಕ್ಕೆ ಫೋನ್ ಮಾಡಬಹುದು. ಅದು ಸರ್ಕಾರ 2022ರಲ್ಲಿ ಶುರು ಮಾಡಿದ ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ. ಕನ್ನಡದಲ್ಲೂ ಮಾತಾಡುತ್ತಾರೆ. ನಿಮ್ಮ ನಿದ್ದೆಯ ವಿಷಯ ಈಗಲೇ ಒಮ್ಮೆ ನಿಮ್ಮ ಡಾಕ್ಟರಿಗೆ ಹೇಳಿಬಿಡಿ.

ಇನ್ನು, ಅವರಿದ್ದಾಗ ಓದಲಿಲ್ಲ ಅನ್ನುವ ನೋವು. ಇದಕ್ಕೆ ಸುಮ್ನೆ ಸಮಾಧಾನ ಹೇಳಲು ನನಗೆ ಮನಸ್ಸಿಲ್ಲ. ಓದಿ, ಅವರ ಜೊತೆ ನಾಲ್ಕು ಮಾತಾಡಿದ್ದರೆ ಅವರಿಗೆ ಖುಷಿಯಾಗುತ್ತಿತ್ತು, ನಿಜ. ಆ ಅವಕಾಶ ಹೋಯಿತು. ಆದರೆ ಆ ವರ್ಷಗಳಲ್ಲಿ ನೀವೇನು ಮಾಡುತ್ತಿದ್ದಿರಿ ಅನ್ನೋದನ್ನೂ ನೆನಪು ಮಾಡಿಕೊಳ್ಳಿ. ಬೆಳಿಗ್ಗೆ ನೀರು ಹಿಡಿಯುವುದು, ಡಬ್ಬಿ ಕಟ್ಟುವುದು, ಮಗಳ ಶಾಲೆ, ನಿಮ್ಮ ಕೆಲಸ, ಬಂದು ಹೋಗುವ ನೆಂಟರು. ಒಂದು ಬೆಡ್‌ರೂಮಿನ ಮನೆಯಲ್ಲಿ ಒಬ್ಬರು ಕಿಟಕಿ ಪಕ್ಕ ಕೂತು ನೆಮ್ಮದಿಯಾಗಿ ಓದಬೇಕಾದರೆ ಇನ್ನೊಬ್ಬರು ಮನೆಯನ್ನು ಹೊತ್ತುಕೊಂಡಿರಬೇಕು. ಅವರ ಓದಿನಲ್ಲಿ ನಿಮ್ಮ ಪಾಲು ಆಗಲೇ ಇತ್ತು ತಂಗೀ.

ಮುಂದೆ ಎಂದಾದರೂ ಕೆಲವು ಪುಸ್ತಕ ಕೊಡೋಣ ಅನಿಸಿದರೆ ಮಾಟುಂಗಾದ ಮೈಸೂರು ಅಸೋಸಿಯೇಷನ್‌ನಲ್ಲಿ ಕೇಳಿ ನೋಡಿ, 1926ರಿಂದ ಇರುವ ಸಂಸ್ಥೆ. ಕಲೀನಾದಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಇದೆ. ಆದರೆ ಅದಕ್ಕೆ ಅವಸರವಿಲ್ಲ.

ಕೊನೆಗೆ ಒಂದು ಕೋರಿಕೆ. ಸಂಜೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಅದೇ ಕುರ್ಚಿಯಲ್ಲಿ ಕೂತು ಅತ್ತೆಗೆ ಒಂದೆರಡು ಪುಟ ಜೋರಾಗಿ ಓದಿ ಹೇಳಿ. ಮಗ ಏನು ಓದುತ್ತಿದ್ದ ಅಂತ ಅವರಿಗೂ ಗೊತ್ತಾಗಲಿ. ಮೊದಲಿಗೆ ಯಾವ ಪುಸ್ತಕ ಅನ್ನೋದನ್ನು ಅವರೇ ಕೈ ಹಾಕಿ ತೆಗೆಯಲಿ. ಯಾವುದು ತೆಗೆದರು ಅಂತ ನನಗೆ ಬರೆಯಿರಿ.