‘ಸೂಕ್ತ ಪ್ರಮಾಣ’ ಅಂದರೆ ಎಷ್ಟು?

ನಮಸ್ಕಾರ. ಆಂಬುಲೆನ್ಸ್‌ನ ಔಷಧಗಳ ಬಗ್ಗೆ ನೀವು ಬರೆದ ಲೇಖನ ತಲುಪಿತು. ವಿಷಯ ಒಳ್ಳೆಯದು, ಭಾಷೆಯೂ ಸರಳ. 108ರಲ್ಲಿ ಕೆಲಸ ಮಾಡಿದವರಿಗಷ್ಟೇ ಗೊತ್ತಿರುವ ಸಂಗತಿಗಳಿವೆ. ಆದರೆ ಮೂರನೇ ಪ್ಯಾರಾ ಓದಿ ನನಗೆ ಸಿಟ್ಟು ಬಂತು.

ಅಡಿಕೆ ತೋಟದಲ್ಲಿ ಹೆಜ್ಜೇನು ಕಡಿದು ಕುಸಿದ ಹೆಂಗಸನ್ನು ಕಣ್ಣಿಗೆ ಕಟ್ಟುವ ಹಾಗೆ ಬರೆದಿದ್ದೀರಿ. ತುಟಿ ಊದಿದೆ. ಉಸಿರಾಡಿದರೆ ಸೀಟಿ ಹೊಡೆದ ಹಾಗೆ ಸದ್ದು. ಆಮೇಲೆ? ‘ಆಗ ಸೂಕ್ತ ಪ್ರಮಾಣದ ಅಡ್ರಿನಾಲಿನ್ ನೀಡತಕ್ಕದ್ದು.’

ಎಷ್ಟು? ಎಲ್ಲಿಗೆ? ನಿಮ್ಮ ಕೈಗೆ ಗೊತ್ತಿದೆ, ಓದುವ ಹೊಸ ಹುಡುಗನಿಗೆ ಗೊತ್ತಿಲ್ಲ. 1 ಎಂ.ಎಲ್. ಆಂಪೂಲ್, ಅಂದರೆ ಪುಟ್ಟ ಗಾಜಿನ ಸೀಸೆ, ಅದರಲ್ಲಿ 1 ಮಿಲಿಗ್ರಾಂ ಔಷಧ. ಇಂಥ ಅಲರ್ಜಿಯಲ್ಲಿ ದೊಡ್ಡವರಿಗೆ ಅದರ ಅರ್ಧ, ತೊಡೆಯ ಹೊರಬದಿಯ ಸ್ನಾಯುವಿಗೆ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು ಸಲ. ಹೃದಯ ನಿಂತೇಹೋದವರಿಗೆ ಅದೇ ಔಷಧ ಪೂರ್ತಿ 1 ಮಿಲಿಗ್ರಾಂ, ರಕ್ತನಾಳಕ್ಕೆ. ಎರಡೂ ಅದಲುಬದಲಾಗಿ, ಹೃದಯ ಬಡಿಯುತ್ತಿರುವವರ ರಕ್ತನಾಳಕ್ಕೆ ಇಡೀ ಆಂಪೂಲ್ ಏರಿಸಿದರೆ ಜೀವಕ್ಕೇ ಅಪಾಯ. ಇದನ್ನೆಲ್ಲ ‘ಸೂಕ್ತ’ ಅನ್ನುವ ಒಂದೇ ಪದದಲ್ಲಿ ಮುಗಿಸಿಬಿಟ್ಟಿದ್ದೀರಿ.

ಮುಂದಿನ ಪ್ಯಾರಾ: ‘ಎದೆನೋವು ಎಂದ ಕೂಡಲೇ ನಾಲಿಗೆಯಡಿ ಸಾರ್ಬಿಟ್ರೇಟ್ ಇಡಿ.’ ಆ ‘ಕೂಡಲೇ’ಯನ್ನು ಹೊಡೆದುಹಾಕಿದ್ದೇನೆ. ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸುವ ಮಾತ್ರೆ, ಬಿ.ಪಿ.ಯನ್ನೂ ಇಳಿಸುತ್ತದೆ. ಮೊದಲು ಬಿ.ಪಿ. ನೋಡಬೇಕು ಅಲ್ವಾ? ಮೇಲಿನ ಅಂಕಿ 90ಕ್ಕಿಂತ ಕೆಳಗಿದ್ದರೆ ಕೊಡುವ ಹಾಗಿಲ್ಲ. ವಯಾಗ್ರಾ ಥರದ ಮಾತ್ರೆ ತಗೊಂಡಿದ್ದಾರಾ ಅಂತಲೂ ಕೇಳಲೇಬೇಕು. ತಗೊಂಡವರಿಗೆ ಇದನ್ನೂ ಕೊಟ್ಟರೆ ಬಿ.ಪಿ. ಒಮ್ಮೆಲೇ ಕುಸಿಯಬಹುದು. ಹೆಂಡತಿ ಮಕ್ಕಳ ಎದುರು ಯಾರೂ ಬಾಯಿ ಬಿಡುವುದಿಲ್ಲ. ಅಂಥಲ್ಲಿ ನೀವು ಹೇಗೆ ಕೇಳುತ್ತೀರಿ? ಅದನ್ನು ಬರೆಯಿರಿ. ಅದು ಬೇರೆ ಯಾರಿಗೂ ಬರೆಯಲಾಗದು.

ನಾನು ಪತ್ರಿಕೆಯ ಡೆಸ್ಕಿಗೆ ಸೇರಿದ ಹೊಸತರಲ್ಲಿ, ಶುಗರ್ ಇಳಿದು ಬಿದ್ದವರ ಬಗ್ಗೆ ‘ತಕ್ಷಣ ಸಕ್ಕರೆ ನೀರು ಕುಡಿಸಿ’ ಅಂತ ಬರೆದಿದ್ದೆ. ನಮ್ಮ ಹಿರಿಯ ಸಂಪಾದಕರು ಕೂಗಾಡಲಿಲ್ಲ. ಆ ಸಾಲಿನ ಪಕ್ಕದಲ್ಲಿ ಪೆನ್ಸಿಲ್‌ನಿಂದ ಎರಡೇ ಪದ ಬರೆದು ಹಾಳೆ ವಾಪಸ್ ಕೊಟ್ಟರು: ‘ಎಚ್ಚರ ಇದ್ದಾರಾ?’ ಎಚ್ಚರ ತಪ್ಪಿದವರ ಬಾಯಿಗೆ ಹಾಕಿದ ನೀರು ಶ್ವಾಸಕೋಶಕ್ಕೆ ಇಳಿಯಬಹುದು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಹಾಗೇ ಅಚ್ಚಾಗಿದ್ದರೆ ಯಾರ ಮನೆಯಲ್ಲಿ ಏನಾಗುತ್ತಿತ್ತೋ.

ಈ ಎರಡು ಪ್ಯಾರಾ ತಿದ್ದಿ, ಡೋಸ್‌ಗಳನ್ನು ನಿಮ್ಮ ಡಾಕ್ಟರಿಗೆ ಒಮ್ಮೆ ತೋರಿಸಿ ಕಳಿಸಿ. ತೋಟದಲ್ಲಿ ಕುಸಿದ ಆ ಹೆಂಗಸಿನ ಚಿತ್ರ ಮಾತ್ರ ಹಾಗೇ ಇರಲಿ. ಅದರ ಒಂದಕ್ಷರವನ್ನೂ ಮುಟ್ಟಬೇಡಿ.